ಸಿಗ್ನಲ್ ಪೂರ್ತಿ ಇತ್ತು, ನೆಟ್ ಇರಲಿಲ್ಲ: ಹಾಸ್ಟೆಲ್, ಪಿಜಿ ನಡೆಸುವವರಿಗೆ ಒಂದು ಎಚ್ಚರಿಕೆ

ಮೈಸೂರಿನಲ್ಲಿರುವ ನಮ್ಮ ವಿದ್ಯಾರ್ಥಿ ನಿಲಯಕ್ಕೆ ಮೂರು ಅಂತಸ್ತು, 24 ಕೋಣೆ. ಮನೆಯಲ್ಲಿ ಒಂದೇ ವೈಫೈ ರೌಟರ್ ವರ್ಷಗಟ್ಟಲೆ ತಕರಾರಿಲ್ಲದೆ ನಡೆದಿದ್ದರಿಂದ, ಆರು ಆಂಟೆನಾಗಳ ದೊಡ್ಡ ರೌಟರನ್ನು ಕೆಳಗಿನ ಆಫೀಸಿನಲ್ಲಿಟ್ಟು ಅದರ ಸಿಗ್ನಲನ್ನು ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರನ್ನು ಪ್ರತಿ ಅಂತಸ್ತಿಗೂ ಎರಡೆರಡು ಸಿಕ್ಕಿಸಿದರೆ ಸಾಕೆಂದ ಅಂಗಡಿಯವರ ಮಾತನ್ನು ನಾನು ಮರುಪ್ರಶ್ನೆಯಿಲ್ಲದೆ ಒಪ್ಪಿದೆ.

ರಜೆಯಲ್ಲಿ ಎಲ್ಲವೂ ಚೆನ್ನಾಗಿತ್ತು. ಅರವತ್ತು ಹುಡುಗರು ಬಂದು ಸೇರಿದ ಮೇಲೆ, ರಾತ್ರಿ ಊಟ ಮುಗಿಯಿತೆಂದರೆ ಮೊಬೈಲಿನಲ್ಲಿ ವೈಫೈ ಸಿಗ್ನಲ್ ಪೂರ್ತಿ ಕಾಣಿಸುತ್ತಿತ್ತು, ಪುಟ ಮಾತ್ರ ತೆರೆಯುತ್ತಿರಲಿಲ್ಲ. ಪರೀಕ್ಷಾ ಶುಲ್ಕದ ಕೊನೆಯ ದಿನ ಮೇಲಿನ ಮಹಡಿಯ ಹುಡುಗನೊಬ್ಬ ತೆರೆದ ಲ್ಯಾಪ್‌ಟಾಪನ್ನು ತಟ್ಟೆಯಂತೆ ಹಿಡಿದು ಒಂದೊಂದೇ ಮೆಟ್ಟಿಲಿಳಿಯುತ್ತಾ, ಕೊನೆಗೆ ಆಫೀಸಿನ ಬಾಗಿಲಲ್ಲಿ ಚಪ್ಪಲಿಗಳ ಪಕ್ಕ ಕುಳಿತು ಹಣ ಕಟ್ಟಿದ. ನನಗೆ ನಾಚಿಕೆಯಾಯಿತು. ಅಂಗಡಿಯವರು ಬಂದು ಇನ್ನೆರಡು ರಿಪೀಟರ್ ಮಾರಿದರು. ಸ್ಥಿತಿ ಮತ್ತಷ್ಟು ಹದಗೆಟ್ಟಿತು.

ಕಾರಣ ತಿಳಿದದ್ದು ಕಾಲೇಜೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಪರಿಚಿತರಿಂದ. ವೈಫೈನ ಒಂದು ಚಾನೆಲ್‌ನಲ್ಲಿ, ಅಂದರೆ ಅದರ ತರಂಗಗಳ ಒಂದು ದಾರಿಯಲ್ಲಿ, ಒಂದು ಗಳಿಗೆಗೆ ಒಬ್ಬರೇ ಮಾತಾಡಬೇಕು, ಉಳಿದವರು ಸರದಿ ಕಾಯಬೇಕು. ಅಗ್ಗದ ರಿಪೀಟರ್ ಕೇಳಿದ್ದನ್ನೆಲ್ಲ ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳುವುದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ವೈಫೈ ಬಳಸುವ ತರಂಗಪಟ್ಟಿಗಳಲ್ಲೊಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡಬರದೆ ಬಳಸಬಹುದಾದವು 1, 6, 11 ಎಂಬ ಮೂರೇ ಚಾನೆಲ್. ನಮ್ಮವೆಲ್ಲ 6ರಲ್ಲೇ ಕೂಗಾಡುತ್ತಿದ್ದವು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ಕಂಬಿ ತುಂಬಿದ ಆರ್‌ಸಿಸಿ ಚಾವಣಿಯನ್ನು ದಾಟುವಷ್ಟರಲ್ಲಿ ಅದು ಸೊರಗುತ್ತದೆ. ಮೊಬೈಲಿನಲ್ಲಿ ಕಾಣುವ ಸಿಗ್ನಲ್ ಪಕ್ಕದ ರಿಪೀಟರಿನದು. ಆ ರಿಪೀಟರಿಗೆ ರೌಟರ್ ಸರಿಯಾಗಿ ಕೇಳಿಸುತ್ತಿದೆಯೇ ಎಂಬುದನ್ನು ಅದು ತೋರಿಸುವುದಿಲ್ಲ. ಮನೆಯಲ್ಲಿ ಎರಡು ಗೋಡೆ, ಏಳೆಂಟು ಉಪಕರಣ ಇರುವುದರಿಂದ ಇದಾವುದೂ ಅರಿವಿಗೆ ಬರುವುದಿಲ್ಲ.

ಈಗ ಪ್ರತಿ ಅಂತಸ್ತಿಗೂ ಕ್ಯಾಟ್-6 ಎಂಬ ನೆಟ್‌ವರ್ಕ್ ಕೇಬಲ್ ಎಳೆಸಿ, ಅದೇ ಕೇಬಲ್ಲಿನಿಂದ ನೆಟ್ ಮತ್ತು ವಿದ್ಯುತ್ ಎರಡನ್ನೂ ಪಡೆದು ವೈಫೈ ಕೊಡುವ ಆಕ್ಸೆಸ್ ಪಾಯಿಂಟ್‌ಗಳನ್ನು ಹಾಕಿಸಿ, ಚಾನೆಲ್ ಬೇರೆಬೇರೆ ಮಾಡಿ, ಅವುಗಳ ಸಿಗ್ನಲ್ಲಿನ ಶಕ್ತಿಯನ್ನು ತಗ್ಗಿಸಲಾಗಿದೆ. ತಗ್ಗಿಸುವುದೇಕೆಂದು ನಾನೂ ಕೇಳಿದೆ. ಆಕ್ಸೆಸ್ ಪಾಯಿಂಟ್ ಎಷ್ಟೇ ಗಟ್ಟಿಯಾಗಿ ಕೂಗಿದರೂ ಮೊಬೈಲಿನ ಸಣ್ಣ ದನಿ ಅಷ್ಟು ದೂರಕ್ಕೆ ಮರಳಿ ತಲುಪುವುದಿಲ್ಲವಂತೆ. ಕಾರಿಡಾರಿನಲ್ಲಿ ಸಾಲಾಗಿಟ್ಟರೆ ಒಂದರ ಕೂಗು ಇನ್ನೊಂದಕ್ಕೆ ಕೇಳಿಸುವುದೆಂದು ಅವನ್ನು ಕೋಣೆಗಳೊಳಗೇ ಕೂರಿಸಿದರು. ಬಣ್ಣ ಬಳಿದ ಗೋಡೆಯನ್ನು ಮತ್ತೆ ಕೊರೆಸಿದ ಖರ್ಚು ಬೇರೆ.

ಕಟ್ಟಡವನ್ನು ಒಮ್ಮೆಯೂ ಸುತ್ತಿ ನೋಡದೆ, ರಾತ್ರಿ ಒಂಬತ್ತಕ್ಕೆ ಎಷ್ಟು ಮಂದಿ ಬಳಸುತ್ತಾರೆಂದು ಕೇಳದೆ ದರ ಹೇಳುವವರಿಗೆ ಮುಂಗಡ ಕೊಡಬೇಡಿ. ನನ್ನ ಎಂಟೂ ರಿಪೀಟರ್‌ಗಳು ಬೀರುವಿನಲ್ಲಿವೆ. ಪೆಟ್ಟಿಗೆ ಒಡೆದಿದೆಯೆಂದು ಅಂಗಡಿಯವರು ವಾಪಸು ಪಡೆಯಲಿಲ್ಲ.