ಮನೆಯ ವೈಫೈಗೆ ಡಬ್ಲ್ಯೂಪಿಎ2 ಸಾಕೇ, ಡಬ್ಲ್ಯೂಪಿಎ3 ಬೇಕೇ?

ಗೋಡೆಗೆ ಗೋಡೆ ತಾಗಿದ ಬೆಂಗಳೂರಿನ ವಠಾರಗಳಲ್ಲಿ ನಮ್ಮ ವೈಫೈ ಹೆಸರು ನೆರೆಯವರ ಫೋನಿನಲ್ಲೂ ಕಾಣುತ್ತಿರುತ್ತದೆ. 2004ರಲ್ಲಿ ಬಂದ ಡಬ್ಲ್ಯೂಪಿಎ2 ಎಂಬ ವೈಫೈ ಭದ್ರತಾ ವ್ಯವಸ್ಥೆಯಲ್ಲಿ, ಫೋನು ರೂಟರಿಗೆ ಸೇರುವ ಕ್ಷಣದ ಸಂದೇಶ ವಿನಿಮಯವನ್ನು ಹಿಡಿದಿಟ್ಟುಕೊಂಡವನು ತನ್ನ ಕಂಪ್ಯೂಟರಿನಲ್ಲೇ ಲಕ್ಷಾಂತರ ಪಾಸ್‌ವರ್ಡುಗಳನ್ನು ಒಂದೊಂದಾಗಿ ಹೊಂದಿಸಿ ನೋಡಬಹುದಾದ್ದರಿಂದ, ಮಗುವಿನ ಹೆಸರಿಗೆ 123 ಸೇರಿಸಿದ ಪಾಸ್‌ವರ್ಡ್ ಹೆಚ್ಚು ಹೊತ್ತು ನಿಲ್ಲದು. 2018ರ ಡಬ್ಲ್ಯೂಪಿಎ3ರಲ್ಲಿ ಪ್ರತಿ ಊಹೆಗೂ ರೂಟರನ್ನೇ ಕೇಳಬೇಕಾಗುವುದರಿಂದ ಆ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಆದರೆ ಹಳೆಯ ಪ್ರಿಂಟರು, ಟಿವಿಗಳು ಇದಕ್ಕೆ ಸೇರದೇ ಹೋಗಬಹುದು. ಅಂಥ ಮನೆಯವರು ಡಬ್ಲ್ಯೂಪಿಎ2 ಅನ್ನೇ ಉಳಿಸಿಕೊಂಡು, ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದ ಉದ್ದನೆಯ ಪಾಸ್‌ವರ್ಡ್ ಇಡುವುದು ಲೇಸು. ವೈಫೈ ಹೆಸರನ್ನು ಮರೆಮಾಡುವುದು, ನನ್ನ ಮಟ್ಟಿಗೆ, ಬಾಗಿಲಿಗೆ ಪರದೆ ಬಿಟ್ಟಂತೆ; ಬೀಗವಲ್ಲ. ಎರಡರಲ್ಲಿ ಯಾವುದನ್ನು ಆರಿಸಿದರೂ ರೂಟರಿನೊಂದಿಗೆ ಬಂದ ಅಡ್ಮಿನ್ ಪಾಸ್‌ವರ್ಡನ್ನು (ರೂಟರಿನ ಸೆಟ್ಟಿಂಗ್ ತೆರೆಯಲು ಬಳಸುವಂಥದು) ಮೊದಲ ದಿನವೇ ಬದಲಿಸಬೇಕು.