ಬ್ಯಾಂಡ್‌ಕ್ಯಾಂಪ್ ಪುಟ: ಹಾರ್ಮೋನಿಯಂ ಸಾಥಿದಾರನೊಬ್ಬನ ವಿಮರ್ಶೆ

ಶಿರಸಿ ಸೀಮೆಯಲ್ಲಿ ಹಿಂದುಸ್ತಾನಿ ಗಾಯಕರೊಬ್ಬರಿಗೆ ನಾನು ಹಾರ್ಮೋನಿಯಂ ಸಾಥ್ ಕೊಡುತ್ತೇನೆ. ಕಲಾವಿದರೇ ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಅವರದೊಂದು ಪುಟವಿದೆ. ಅದನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುವವನೂ ನಾನೇ. ಖಾತೆ ತೆರೆಯುವ ಕ್ರಮ, ಇರುವ ಸೌಲಭ್ಯ ಎಲ್ಲ ಬೇಕಾದಷ್ಟು ಕಡೆ ಸಿಗುತ್ತದೆ. ನನಗೆ ಹೇಳಬೇಕಿರುವುದು ಹಾಡಿನ ಜೊತೆ ಬರುವ, ಯಾರ್ಯಾರು ಏನು ಮಾಡಿದರೆಂದು ಬರೆಯುವ 'ಕ್ರೆಡಿಟ್ಸ್' ಎಂಬ ಖಾಲಿ ಚೌಕದ ಬಗ್ಗೆ.

ಸಾಥಿದಾರರ ಪಾಡು ಗೊತ್ತಿದ್ದವರಿಗೆ ಗೊತ್ತು. ಕರಪತ್ರದಲ್ಲಿ ಗಾಯಕರ ಫೋಟೊ, ದಪ್ಪ ಅಕ್ಷರ. ನಮ್ಮ ಹೆಸರು ಕೆಳಗೆಲ್ಲೋ, ಶಾಮಿಯಾನದವರ ಪಕ್ಕದಲ್ಲಿ. ಮೂರು ತಾಸು ತಂಬೂರಿ ಹಿಡಿದು ಕೂತ ಹುಡುಗಿಗೆ ಅದೂ ಇಲ್ಲ. ಎಲ್ಲರ ಫೋನಿನಲ್ಲೂ ಇರುವ, ಹಾಡು ಕೇಳುವ ಇನ್ನೊಂದು ಆ್ಯಪ್‌ನಲ್ಲಿ ನಮ್ಮ ಗಾಯಕರ ಪುಟ ತೆರೆದರೆ ಅದೇ ಹೆಸರಿನ ಯಾರದೋ ಡಿಜೆ ರೀಮಿಕ್ಸ್ ಬಂದು ಕೂತಿತ್ತು. ಅದನ್ನು ತೆಗೆಸುವಷ್ಟರಲ್ಲಿ ಸಾಕುಬೇಕಾಯಿತು. ತಬಲಾದವರ ಹೆಸರು ಹಾಕುವ ಮಾತು ಆಮೇಲಿನದು.

ಬ್ಯಾಂಡ್‌ಕ್ಯಾಂಪ್‌ನಲ್ಲಿ ಹಾಗಲ್ಲ. ಆಲ್ಬಮ್ಮಿಗೊಂದು ಚೌಕ, ಒಂದೊಂದು ಹಾಡಿಗೂ ಬೇರೆ ಚೌಕ. ಮಳೆಗಾಲದಲ್ಲಿ ಕಚೇರಿಗಳು ಕಡಿಮೆ. ರಾತ್ರಿ ಊಟ ಆದಮೇಲೆ, ಕರೆಂಟು ಇದ್ದರೆ, ಕವಳ ಹಾಕಿಕೊಂಡು ಇದನ್ನು ತುಂಬುತ್ತಾ ಕೂರುವುದೇ ನನಗೆ ಕೆಲಸ. ರಾಗ, ತಾಲ, ವಿಲಂಬಿತ (ನಿಧಾನ ಗತಿಯ ಭಾಗ) ಎಲ್ಲಿಂದ ಎಲ್ಲಿಯವರೆಗೆ. ತಬಲಾ ಯಾರು, ತಂಬೂರಿ ಯಾರು. ರೆಕಾರ್ಡಿಂಗಿಗೆ ಅಟ್ಟ ಬಿಟ್ಟುಕೊಟ್ಟವರು ಯಾರು. ಸಾಹಿತ್ಯದ ಚೌಕದಲ್ಲಿ ಬಂದಿಶ್, ಅಂದರೆ ಹಾಡಿನ ಸಾಲುಗಳು, ಪೂರ್ತಿ, ಕನ್ನಡ ಲಿಪಿಯಲ್ಲೇ. ತಂಬೂರಿಯ ಹುಡುಗಿ ತನ್ನ ಹೆಸರಿನ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ಸಿಗೆ ಹಾಕಿಕೊಂಡಳು. ಗಾಯಕರಿಗಿಂತ ಮೊದಲು ಲಿಂಕ್ ಹಂಚಿದ್ದು ಅವಳೇ.

ಪುಟ ಸಿಂಗರಿಸುವುದಕ್ಕೆ ಸಿಗುವ ಅವಕಾಶ ಸಣ್ಣದು. 2003ರಲ್ಲಿ ಶುರುವಾದ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಬ್ಯಾಂಡಿನವರು ಪರಿಚಯದ ಜಾಗದಲ್ಲೇ ಎಚ್‌ಟಿಎಂಎಲ್, ಸಿಎಸ್‌ಎಸ್ ಎಂಬ ಪುಟ ಕಟ್ಟುವ ಕೋಡ್ ಅಂಟಿಸಿ ಪುಟದ ರೂಪವನ್ನೇ ತಿರುಚುತ್ತಿದ್ದರು. ಮಿಣಮಿಣ ಹಿನ್ನೆಲೆ, ತೆರೆದ ಕೂಡಲೇ ಅರಚುವ ಹಾಡು. ಇಲ್ಲಿ ಹಿನ್ನೆಲೆ, ಅಕ್ಷರ, ಲಿಂಕುಗಳ ಬಣ್ಣ ಬದಲಿಸಬಹುದು, ಹಿನ್ನೆಲೆಗೆ ಚಿತ್ರ ಹಾಕಬಹುದು, ಪುಟದ ತಲೆಗೊಂದು ಅಡ್ಡ ಚಿತ್ರಪಟ್ಟಿ. ನನಗೆ ಅಷ್ಟು ಸಾಕು. ಲಿಂಕುಗಳಿಗೆ ಕೆಂಪಡಿಕೆಯ ಬಣ್ಣ ಕೊಟ್ಟಿದ್ದೇನೆ. ಆ ಪಟ್ಟಿ ಮಾತ್ರ ಫಜೀತಿ: ಅಗಲ 975 ಪಿಕ್ಸೆಲ್, ಎತ್ತರ ಹೆಚ್ಚೆಂದರೆ 180. ವೇದಿಕೆಯ ಫೋಟೊ ಹಾಕಿದರೆ ಯಾರದಾದರೂ ತಲೆ ಹೋಗುತ್ತದೆ. ಕೊನೆಗೆ ಮಿರಜಿನ ತಂಬೂರಿಯನ್ನು ಚಾಪೆಯ ಮೇಲೆ ಅಡ್ಡ ಮಲಗಿಸಿ ಫೋಟೊ ತೆಗೆದೆ. ಅಳತೆ ಮಾಡಿಸಿದ ಹಾಗೆ ಕೂತಿತು, ಯಾರ ಮುಖವೂ ಇಲ್ಲದ್ದರಿಂದ ಯಾರಿಗೂ ಬೇಜಾರಿಲ್ಲ.

ಬಡಾ ಖ್ಯಾಲ್, ಅಂದರೆ ನಿಧಾನವಾಗಿ ಬೆಳೆಸುವ ದೀರ್ಘ ಗಾಯನ, ಹಾಕುವವರಿಗೊಂದು ಕಿವಿಮಾತು. ಸಿಡಿ ಗುಣಮಟ್ಟದ ವೇವ್ ಫೈಲ್ (ಕುಗ್ಗಿಸದ ಧ್ವನಿ ಫೈಲ್) ನಿಮಿಷಕ್ಕೆ ಹತ್ತು ಎಂಬಿ ತಿನ್ನುತ್ತದೆ. ನಲವತ್ತು ನಿಮಿಷದ ರಾಗವನ್ನು ಫ್ಲಾಕ್ ಎಂಬ ಕುಗ್ಗಿಸಿದ ರೂಪಕ್ಕೆ ಮಾಡಿಕೊಂಡರೆ ಗುಣ ಕೆಡದೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಳ್ಳಿಯ ನೆಟ್‌ವರ್ಕಿನಲ್ಲಿ ಅದೇ ದೊಡ್ಡ ಉಪಕಾರ.

ಇಷ್ಟೆಲ್ಲ ಹೊಗಳಿದೆ. ಆದರೆ ಊರಿನವರು ಈ ಪುಟಕ್ಕೆ ಬರುವುದಿಲ್ಲ. ಲಿಂಕ್ ಕಳಿಸಿದರೆ ಉತ್ತರ ಒಂದೇ: "ತಮಾ, ಯೂಟ್ಯೂಬಲ್ಲಿ ಇಲ್ಯನಾ?" ಆ್ಯಪ್ ಇಲ್ಲದೆ, ಖಾತೆ ಇಲ್ಲದೆ, ಒತ್ತಿದರೆ ಹಾಡುತ್ತದೆ ಎಂದು ವಿವರಿಸಿ ಸಾಕಾಗಿದೆ. ಕೊಂಡವರೆಲ್ಲ ಹೆಚ್ಚಾಗಿ ಹೊರದೇಶದಲ್ಲಿರುವ ನಮ್ಮ ಕಡೆಯವರು. ಡಿಜಿಟಲ್ ಮಾರಾಟದಲ್ಲಿ ಶೇ. 15 ಬ್ಯಾಂಡ್‌ಕ್ಯಾಂಪ್‌ನವರಿಗೆ, ಹಣ ಪಾವತಿಯ ಖರ್ಚು ಬೇರೆ. ಉಳಿದದ್ದನ್ನು ನಾಲ್ವರಲ್ಲಿ ಹಂಚಿದರೆ ಚಹಾದ ಲೆಕ್ಕ. ಖಾತೆಗೆ ಕಾಸು ಕೊಡಬೇಕಿಲ್ಲವಾದ್ದರಿಂದ ತಕರಾರಿಲ್ಲ. ತಿಂಗಳ ಶುಲ್ಕದ ಪ್ರೊ ಖಾತೆ ನಮ್ಮಂಥವರಿಗೆ ದಂಡ.

ಇನ್ನೊಂದು ಅಳುಕು. 2022ರಲ್ಲಿ ಎಪಿಕ್ ಗೇಮ್ಸ್ ಎಂಬ ಗೇಮ್ ಕಂಪನಿ ಬ್ಯಾಂಡ್‌ಕ್ಯಾಂಪನ್ನು ಕೊಂಡಿತು, ಮರುವರ್ಷವೇ ಸಾಂಗ್‌ಟ್ರೇಡರ್ ಎಂಬ ಸಂಗೀತ ಪರವಾನಗಿ ಕಂಪನಿಗೆ ಮಾರಿತು, ಆಗ ಸುಮಾರು ಅರ್ಧದಷ್ಟು ನೌಕರರ ಕೆಲಸ ಹೋಯಿತು. ಮೈಸ್ಪೇಸ್ ಅಂತೂ ಸರ್ವರ್ ಬದಲಿಸುವಾಗ ಹನ್ನೆರಡು ವರ್ಷಗಳ ಸಂಗೀತ ಕಳೆದುಕೊಂಡದ್ದು 2019ರಲ್ಲಿ ಸುದ್ದಿಯಾಗಿತ್ತು. ಹಾಡು ಇನ್ನೊಂದು ಕಡೆ ಇರಬಹುದು. ಕೂತು ಬರೆದ ಹೆಸರುಗಳು? ಹಾಗಾಗಿ ಆಡಿಯೊ ಫೈಲ್ ಜೊತೆ ಆ ಹೆಸರುಗಳ ಬರಹವನ್ನೂ ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದೇನೆ. ನೀವೂ ಇಟ್ಟುಕೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಗಾಯಕರನ್ನು ಕೇಳಿದರೆ ಮೂರು ಎಂದಾರು. ಪಟ್ಟಿಯಲ್ಲಿ ತಂಬೂರಿಯ ಬದಲು ತಮ್ಮ ಫೋಟೊ ಬರಬೇಕಂತೆ.