ಸರಸ್ವತಿಪುರಂನ ಸಿವಿಲ್ ಜಡ್ಜ್ ಕ್ಲಾಸು, ಶನಿವಾರದ ಆ ಒಂದು ಗಂಟೆ

ಮಂಡ್ಯ ಕೋರ್ಟಿನಲ್ಲಿ ವಕೀಲಿಕೆ ಶುರು ಮಾಡಿ ನನಗೆ ಎರಡು ವರ್ಷವಾಯಿತು. ಸಿವಿಲ್ ಜಡ್ಜ್ ಆಗಬೇಕು ಅನ್ನುವುದು ಕಾಲೇಜಿನ ದಿನಗಳ ಆಸೆ. ಆ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯ ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಉಳಿದ ಒಂದು ವರ್ಷ ಸುಮ್ನೆ ಹೋಗಬಾರದು ಅಂತ ಮೈಸೂರಿಗೆ ಬಂದು ಈ ಕ್ಲಾಸಿಗೆ ಸೇರಿದೆ. ಸರಸ್ವತಿಪುರಂನಲ್ಲಿ ಒಂದು ಮನೆಯ ಮಹಡಿ, ಶನಿವಾರ ಮತ್ತು ಭಾನುವಾರ ಪಾಠ. ತಿಂಗಳಿಗೆ 3,500 ರೂಪಾಯಿ. ಸೇರಬಹುದಾ ಅಂತ ಕೇಳುವವರು ಜಾಸ್ತಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಯಿದೆ ಪಾಠ ಚೆನ್ನಾಗಿದೆ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಹೇಳಿಕೊಡುವ ಸರ್ ಆದೇಶ 39ರ ತಡೆಯಾಜ್ಞೆಯನ್ನು ಗದ್ದೆ ಬದುವಿನ ಜಗಳ ಇಟ್ಟುಕೊಂಡು ವಿವರಿಸುತ್ತಾರೆ. ನಮ್ಮ ಕಡೆಯವರಿಗೆ ಅದು ತಟ್ಟನೆ ಹತ್ತುತ್ತದೆ.

ಆದರೆ ನಾನು ರೈಲು ಹತ್ತುವುದು ಶನಿವಾರ ಸಂಜೆಯ ಒಂದು ಗಂಟೆಗಾಗಿ. ನಿವೃತ್ತ ಜಿಲ್ಲಾ ನ್ಯಾಯಾಧೀಶರಾದ ಮೇಡಂ ಒಬ್ಬರು ಬರುತ್ತಾರೆ. ಸಿಲಬಸ್ ಇಲ್ಲ. ವಿಚಾರಣಾ ನ್ಯಾಯಾಲಯದಲ್ಲಿ ಕೂತ ಒಬ್ಬ ಜಡ್ಜ್ ಬದುಕನ್ನು ಹೇಳುತ್ತಾರೆ, ಅಷ್ಟೇ.

ಕಳೆದ ತಿಂಗಳು ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಅವರ ಕಥೆ. 1921ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಹುಟ್ಟಿದ ಕಪ್ಪು ಹುಡುಗಿ, ಹನ್ನೆರಡು ಮಕ್ಕಳಲ್ಲಿ ಒಂಬತ್ತನೆಯವಳು. ತಂದೆ ಅಡುಗೆಯವರು. ಓದಿಸಲು ಮನೆಯಲ್ಲಿ ದುಡ್ಡಿಲ್ಲ. ಒಂದು ಸಭೆಯಲ್ಲಿ ಅವರು ಮಾತಾಡಿದ್ದನ್ನು ಕೇಳಿದ ಊರಿನ ಸಿರಿವಂತರೊಬ್ಬರು ಕಾಲೇಜಿನ ಖರ್ಚು ಹೊತ್ತರು. ಮುಂದೆ ವಕೀಲರಾಗಿ, ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರಿಡಿತ್ ಅವರಿಗೆ ಬಿಳಿಯರಿಗಷ್ಟೇ ಮೀಸಲಾಗಿದ್ದ ಮಿಸಿಸಿಪಿ ವಿಶ್ವವಿದ್ಯಾಲಯದ ಬಾಗಿಲನ್ನು 1962ರಲ್ಲಿ ತೆರೆಸಿದರು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಹತ್ತು ಕೇಸು ವಾದಿಸಿ ಒಂಬತ್ತನ್ನು ಗೆದ್ದರು. ಅಲ್ಲಿ ಫೆಡರಲ್ ಜಡ್ಜ್, ಅಂದರೆ ಕೇಂದ್ರದ ಕೋರ್ಟುಗಳ ಜಡ್ಜ್ ಆಗಲು ನಮ್ಮ ಹಾಗೆ ಪರೀಕ್ಷೆ ಇಲ್ಲ. ಅಧ್ಯಕ್ಷರು ಹೆಸರಿಸಬೇಕು, ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು. 1966ರ ಜನವರಿಯಲ್ಲಿ ಹೆಸರು ಹೋಯಿತು, ಒಪ್ಪಿಗೆ ಸಿಕ್ಕಿದ್ದು ಆಗಸ್ಟ್ ಕೊನೆಗೆ. ಆ ಕುರ್ಚಿಯಲ್ಲಿ ಕೂತ ಮೊದಲ ಕಪ್ಪು ಮಹಿಳೆ ಅವರೇ. ನ್ಯೂಯಾರ್ಕಿನಲ್ಲಿ 2005ರಲ್ಲಿ ತೀರಿಕೊಳ್ಳುವ ತನಕ ಜಡ್ಜ್ ಆಗಿಯೇ ಇದ್ದರು.

ಮೇಡಂ ನಿಂತು ಹೇಳಿದ್ದು 1975ರ ಒಂದು ಅರ್ಜಿಯ ಬಗ್ಗೆ. ದೊಡ್ಡ ವಕೀಲರ ಸಂಸ್ಥೆಯೊಂದು ಕೆಲಸ ಕೊಡುವಾಗ ಹೆಂಗಸರಿಗೆ ತಾರತಮ್ಯ ಮಾಡಿದೆ ಅನ್ನುವ ದಾವೆ. ನೀವು ಹೆಂಗಸು, ಹಿಂದೆ ಇಂಥವೇ ಕೇಸು ನಡೆಸಿದವರು, ಈ ದಾವೆ ಬಿಟ್ಟುಕೊಡಿ ಅಂತ ಎದುರಿನವರು ಕೇಳಿದರು. ಮಾಟ್ಲಿ ಬಿಡಲಿಲ್ಲ. ಪ್ರತಿ ಜಡ್ಜ್‌ಗೂ ಒಂದು ಲಿಂಗ, ಒಂದು ಹಿನ್ನೆಲೆ ಇದ್ದೇ ಇರುತ್ತದೆ, ಅದೇ ಕಾರಣವಾದರೆ ಈ ಕೋರ್ಟಿನ ಯಾವ ಜಡ್ಜೂ ಇದನ್ನು ಕೇಳುವ ಹಾಗಿಲ್ಲ ಅನ್ನುವ ಅರ್ಥದಲ್ಲಿ ಆದೇಶ ಬರೆದರು.

ಅದೇ ಅರ್ಜಿಗೆ ಕನ್ನಡದಲ್ಲಿ ಅರ್ಧ ಪುಟದ ಆದೇಶ ಬರೆಯಿರಿ ಅಂದರು ಮೇಡಂ. ನಾನು 'ನ್ಯಾಯಾಧೀಶರು ಮಹಿಳೆಯಾದರೂ ನಿಷ್ಪಕ್ಷಪಾತವಾಗಿ ತೀರ್ಮಾನಿಸಬಲ್ಲರು' ಅಂತ ಬರೆದಿದ್ದೆ. ಮೇಡಂ ಆ 'ಆದರೂ' ಸುತ್ತ ಕೆಂಪು ಗೆರೆ ಹಾಕಿದರು. "ಇದು ಯಾಕೆ ಬಂತಮ್ಮ?" ಅಂತ ಕೇಳಿದರು. ಉತ್ತರ ಹೊಳೆಯಲಿಲ್ಲ. ಮಂಡ್ಯಕ್ಕೆ ವಾಪಸ್ ಬರುವ ರೈಲಿನಲ್ಲಿ, ಶ್ರೀರಂಗಪಟ್ಟಣ ದಾಟಿದ ಮೇಲೆ, ಆ ಹಾಳೆ ತೆಗೆದು ಇಡೀ ವಾಕ್ಯವನ್ನೇ ಹೊಡೆದು ಹಾಕಿದೆ.

ಕೊರತೆಗಳೂ ಇವೆ. ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ (ಮೇನ್ಸ್) ಭಾಷಾಂತರಕ್ಕೇ ಒಂದು ಪತ್ರಿಕೆ ಇದೆ, 100 ಅಂಕ. ಇಲ್ಲಿ ಆ ಉತ್ತರ ಪತ್ರಿಕೆ ತಿದ್ದಿ ಬರಲು ಮೂರು ವಾರ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಯಾಕೆ ಹಾಗೆ ಬರೆದೆವು ಅನ್ನುವುದೇ ಮರೆತಿರುತ್ತದೆ. ಇದನ್ನು ಅವರು ಸರಿ ಮಾಡಲೇಬೇಕು. ಏಪ್ರಿಲ್‌ನಲ್ಲಿ ಮಹಡಿಯ ಶೀಟು ಕಾದು ಮಧ್ಯಾಹ್ನ ಕೂರುವುದೇ ಕಷ್ಟ.

ಮಂಡ್ಯದಿಂದ ಓಡಾಡುವವರು ಶನಿವಾರದ ಗಂಟೆ ಮುಗಿಯುವ ಮೊದಲೇ ಎದ್ದು ಹೋಗಬೇಡಿ, ಮುಂದಿನ ರೈಲು ಹಿಡಿಯಿರಿ. ಮೇಡಂ ನೋಟ್ಸ್ ಕೊಡುವುದಿಲ್ಲ. ಅದಕ್ಕೊಂದು ಬೇರೆ ಪುಸ್ತಕ ಇಟ್ಟುಕೊಳ್ಳಿ.